ಕರ್ನಲ್ ಎದ್ದಿತು, ಯಾರಿಗೆ ಹೇಳಲಿ?

ಮೊನ್ನೆ ಮಂಗಳವಾರ ಮಧ್ಯಾಹ್ನ ಪೀಣ್ಯದ ನಮ್ಮ ಆಫೀಸಿನಲ್ಲಿ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. ಯಾರೂ ತಿರುಗಿ ನೋಡಲಿಲ್ಲ. (ನೋಡಲು ಯಾರಿದ್ದರು? ಎಲ್ಲರೂ ಊಟಕ್ಕೆ ಹೋಗಿದ್ದರು.)

ನಮ್ಮದು ಕಂಪ್ಯೂಟರ್ ಕಟ್ಟುವ ಪುಟ್ಟ ಕಂಪನಿ. ಆ ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ನನ್ನ ಪಾಲಿನ ಕೆಲಸ. ಹಳೆಯ 68000 ಪ್ರೊಸೆಸರ್ ಮೇಲೆ ಅದು ಚೆನ್ನಾಗಿಯೇ ಓಡುತ್ತಿತ್ತು. ಈ ಸಲ 68010 ಹಾಕಿದೆವು. ಸ್ವಿಚ್ ಒತ್ತಿದರೆ ಪರದೆಯ ಮೇಲೆ ಒಂದೆರಡು ಸಾಲು ಬರುತ್ತದೆ. ಆಮೇಲೆ ಸತ್ತಂತೆ ನಿಂತುಬಿಡುತ್ತದೆ.

"ಈ ವಾರ ಆಗ್ಲಿಲ್ಲ ಅಂದ್ರೆ ಹೊರಗಡೆಯಿಂದ ತರಿಸ್ತೀನಮ್ಮ. ಆಮೇಲೆ ನಮಗೆ ಸಾಫ್ಟ್‌ವೇರ್ ಸೆಕ್ಷನ್ ಯಾಕೆ?" ಅಂದರು ಮಾಲೀಕರು.

ಸೆಕ್ಷನ್ ಅಂದರೆ ಯಾರು? ನಾನೊಬ್ಬಳೇ! ಮೊದಲು ಇಬ್ಬರಿದ್ದೆವು. ಜತೆಗಿದ್ದ ಶಿವಣ್ಣ ಕಳೆದ ವರ್ಷ ಮಾವನ ರೈಸ್ ಮಿಲ್ ನೋಡಿಕೊಳ್ಳಲು ಶಿರಾಕ್ಕೆ ಹೊರಟುಹೋದರು. ಅವರಿದ್ದಾಗ ಇಬ್ಬರೂ ಕಿತ್ತಾಡುತ್ತ ಕಿತ್ತಾಡುತ್ತಲೇ ತಪ್ಪು ಸಿಕ್ಕಿಬಿಡುತ್ತಿತ್ತು. ಈಗ ಯಾರ ಜತೆ ಕಿತ್ತಾಡಲಿ?

ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಒಂದೊಂದು ಹೆಜ್ಜೆ ದಾಟಿದಾಗಲೂ ಒಂದಕ್ಷರ ಪರದೆಗೆ ಬರುವಂತೆ ಮಾಡಿದೆ. ಎ ಬಂತು, ಬಿ ಬಂತು. ಸಿ ಬರಲಿಲ್ಲ. ಅಲ್ಲೇ ಗಡಿಯಾರದ ಸಿಗ್ನಲ್ ಮೊದಲ ಸಲ ಬಂದು ಪ್ರೊಸೆಸರನ್ನು ಕರೆಯುವುದು. ಹಾಗೆ ಕರೆದಾಗ ಪ್ರೊಸೆಸರ್ ತಾನು ಎಲ್ಲಿದ್ದೆ ಎಂದು ಸ್ಟ್ಯಾಕ್ ಎಂಬ ಜಾಗದಲ್ಲಿ ಗುರುತಿಟ್ಟು ಹೋಗುತ್ತದೆ. ಹೊಸ ಪ್ರೊಸೆಸರ್ ಆ ಗುರುತಿನ ಜತೆ ಒಂದು ವರ್ಡ್, ಅಂದರೆ ಎರಡು ಬೈಟ್, ಹೆಚ್ಚಿಗೆ ಇಡುತ್ತದೆ. ನಮ್ಮ ಕರ್ನಲ್‌ಗೆ ಅದು ಗೊತ್ತಿಲ್ಲ. ಹಿಂತಿರುಗುವಾಗ ದಾರಿ ತಪ್ಪಿ ಬೀಳುತ್ತಿತ್ತು.

ಸರಿಮಾಡಿದೆ. ಸಿ ಬಂತು. ಎಲ್ಲವೂ ಬಂತು. ಕಣ್ಣಲ್ಲಿ ನೀರೂ ಬಂತು.

ಊಟ ಮುಗಿಸಿ ಬಂದ ಮಾಲೀಕರು ಇಣುಕಿದರು. "ಆಯ್ತಾ? ಸರಿ, ಪ್ಯಾಕ್ ಮಾಡ್ಸಿ." ಕೆಲಸ ಉಳಿಯಿತು.

ಸಂಜೆ ಜಾಲಹಳ್ಳಿಯ ಅಣ್ಣನ ಕ್ವಾರ್ಟರ್ಸ್‌ಗೆ ಓಡಿ ಬಂದೆ. (ನನ್ನ ವಾಸ ಅಲ್ಲೇ.) "ಅತ್ತಿಗೆ, ಮಷೀನು ಸ್ಟಾರ್ಟ್ ಆಯ್ತು!" ಅಂದೆ.

ಅತ್ತಿಗೆ ಸೊಪ್ಪು ಬಿಡಿಸುತ್ತಿದ್ದರು. "ಅಯ್ಯೋ, ಇಷ್ಟು ದಿನ ಸ್ಟಾರ್ಟೇ ಆಗಿರ್ಲಿಲ್ವಾ? ಮತ್ತೆ ದಿನಾ ಹೋಗಿ ಏನ್ಮಾಡ್ತಿದ್ದೆ ನೀನು?"

ಪ್ರೀತಿಯಿಂದಲೇ ಕೇಳಿದರು. ನಾನೂ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸತೊಡಗಿದೆ.

ಮರುದಿನ ಬೆಳಗ್ಗೆ ಅಂಚೆ ಕಚೇರಿಗೆ ಹೋಗಿ ಶಿರಾಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿ ಕೂತೆ. ಲೈನ್ ಸಿಕ್ಕಿದ್ದೇ ತಡ, "ಶಿವಣ್ಣ, ಸ್ಟ್ಯಾಕ್‌ನಲ್ಲಿ ಒಂದು ವರ್ಡ್ ಜಾಸ್ತಿ ಇತ್ತು ಕಣ್ರೀ! ಅದಕ್ಕೇ ಬೀಳ್ತಿತ್ತು!" ಎಂದು ಕೂಗಿದೆ.

ಆ ಕಡೆ ಮಿಲ್ಲಿನ ಗಡಗಡ ಸದ್ದು.

"ಸ್ಟ್ಯಾಕಾ? ಅಯ್ಯೋ, ಅದೆಲ್ಲಾ ಮರ್ತೇಹೋಯ್ತು ಕಣ್ರೀ. ನೀವು ಚೆನ್ನಾಗಿದ್ದೀರಾ? ತಿಂಡಿ ಆಯ್ತಾ?"

"ಆಯ್ತು" ಅಂದೆ. ಆಗಿರಲಿಲ್ಲ.

ಸೋತಾಗ ಸಮಾಧಾನ ಹೇಳಲು ಯಾರಾದರೂ ಸಿಗುತ್ತಾರೆ. ಗೆದ್ದಾಗ, ಗೆದ್ದದ್ದು ಏನನ್ನು ಎಂದು ತಿಳಿಯುವವರು ಒಬ್ಬರಾದರೂ ಬೇಡವೇ?