ಗೋಡೆ ತಿರುಗಿ ಹೊಡೆಯದಂತೆ

ನಮ್ಮ ಕುಸ್ತಿ ಉಸ್ತಾದರ ಕಿವಿಗಳನ್ನು ಮೊದಲ ಸಲ ನೋಡಿದವರು ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದರು. ನಲವತ್ತು ವರ್ಷ ಎದುರಾಳಿಗಳ ತಲೆಗೆ, ತೋಳಿಗೆ, ಮಣ್ಣಿಗೆ ಉಜ್ಜಿ ಉಜ್ಜಿ ಅವು ಬಾತು, ಒಳಗೆ ರಕ್ತ ಹೆಪ್ಪುಗಟ್ಟಿ, ಕೊನೆಗೆ ಒಣ ಶುಂಠಿಯಂತೆ ಗಂಟುಗಂಟಾಗಿದ್ದವು. ಬಲಗಿವಿಯ ತೂತು ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಯಾರಾದರೂ ಮಾತಾಡಿದರೆ ಎಡಗಿವಿಯನ್ನು ಅವರ ಬಾಯಿಯತ್ತ ಕೊಟ್ಟು, ನೆಲ ನೋಡುತ್ತ ಕೇಳಿಸಿಕೊಳ್ಳುತ್ತಿದ್ದರು. ಆ ಒಂದು ಕಿವಿಯಿಂದಲೇ ಅವರು ನನ್ನ ಕೋಣೆಯ ಸದ್ದನ್ನು ಅಳೆದು ಸರಿಮಾಡಿದರು. ನಾನು ಇವತ್ತು ಉಣ್ಣುತ್ತಿರುವ ಅನ್ನ ಆ ಕೋಣೆಯದು. ನನ್ನ ಬಲಮಂಡಿಯನ್ನು ಮುರಿದವರೂ ಅವರೇ.

ಅಟ್ಟೂರಿನ ಹಳೇ ಊರಿನೊಳಗೆ ಅವರ ಗರಡಿಮನೆ ಇತ್ತು. ಮೊಳ ದಪ್ಪದ ಮಣ್ಣಿನ ಗೋಡೆ, ತಲೆ ಬಗ್ಗಿಸಿ ನುಗ್ಗಬೇಕಾದ ಬಾಗಿಲು, ಒಳಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿದ ಕೆಂಪು ಮಣ್ಣಿನ ಅಖಾಡ. ಹನ್ನೆರಡನೇ ವಯಸ್ಸಿಗೆ ನಾನು ಅಲ್ಲಿ ಸೇರಿದೆ. ಅವರು ಬೈಯುತ್ತಿರಲಿಲ್ಲ, ಹೊಡೆಯುತ್ತಿದ್ದರು. ಪಟ್ಟು ತಪ್ಪಿದರೆ ಅಂಗೈ ಕತ್ತಿನ ಹಿಂದೆ ಬೀಳುತ್ತಿತ್ತು. ಕಣ್ಣಲ್ಲಿ ನೀರು ಬಂದರೆ ಇನ್ನೊಂದು. "ನೋವೂ ಒಂದು ಪಾಠ ಕಣ್ಲಾ, ಬಾಯ್ ಮುಚ್ಕಂಡು ಕಲಿ" ಎನ್ನುತ್ತಿದ್ದರು.

ನನಗೆ ಹತ್ತೊಂಬತ್ತಾಗಿತ್ತು. ಒಂದು ಬೆಳಿಗ್ಗೆ ಜೊತೆಯವನ ಕೈಯಲ್ಲಿ ಸೋಲುತ್ತಿದ್ದೇನೆ ಅನ್ನಿಸಿದಾಗ ಒಂದು ಹಿಡಿ ಮಣ್ಣನ್ನು ಅವನ ಕಣ್ಣಿಗೆ ಎರಚಿ ಕೆಡವಿದೆ. ಉಸ್ತಾದರು ಅಖಾಡಕ್ಕೆ ಇಳಿದರು.

"ಮಣ್ಣು ಎರಚ್ತೀಯಾ? ದಿನಾ ಕೈ ಮುಗ್ದು ಇಳಿಯೋ ಮಣ್ಣಾ?"

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸೊಂಟಕ್ಕೆ ಕೈ ಹಾಕಿ ಎತ್ತಿದ್ದರು. ಸೂರಿನ ತೊಲೆ ಮೂಗಿಗೆ ತಾಗುವಷ್ಟು ಹತ್ತಿರ ಬಂತು. ಒಂದು ಗಳಿಗೆ ಅಲ್ಲೇ ಇದ್ದೆ. ಆಮೇಲೆ ಅಖಾಡದ ಅಂಚಿನ ಕಲ್ಲಿನ ಮೇಲೆ ನನ್ನನ್ನು ಒಗೆದರು. ಮಂಡಿ ಒಡೆದದ್ದು ನನಗೆ ಕೇಳಿಸಿತು, ಹಸಿ ಕಬ್ಬು ಮುರಿದ ಹಾಗೆ.

ಎರಡು ಆಪರೇಷನ್ ಆದರೂ ಕಾಲು ಮಡಚಲು ಬರಲಿಲ್ಲ. ಅಪ್ಪ ಪೊಲೀಸರ ಹತ್ತಿರ ಹೋಗಲು ಹೊರಟಾಗ ಊರಿನ ಹಿರಿಯರು ತಡೆದರು. ಉಸ್ತಾದರು ಆಸ್ಪತ್ರೆಗೆ ಬರಲೇ ಇಲ್ಲ. ಗರಡಿಗೆ ಆ ವಾರವೇ ಬೀಗ ಹಾಕಿದರು, ಮತ್ತೆ ಯಾರಿಗೂ ಕಲಿಸಲಿಲ್ಲ ಎಂದು ಯಾರೋ ಹೇಳಿದರು. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ. ಹದಿಮೂರು ವರ್ಷ ಒಂದೇ ಊರಿನಲ್ಲಿದ್ದೂ ನಾವು ಮಾತಾಡಲಿಲ್ಲ. ಅವರು ಎದುರು ಬಂದರೆ ನಾನು ಕಾಲೆಳೆಯುತ್ತ ಪಕ್ಕದ ಗಲ್ಲಿಗೆ ತಿರುಗಿಕೊಳ್ಳುತ್ತಿದ್ದೆ.

ಸೋಲದೇವನಹಳ್ಳಿಯ ಒಂದು ಕಾಲೇಜಿನ ಆಫೀಸಿನಲ್ಲಿದ್ದ ಕೆಲಸ ಹೋದ ಮೇಲೆ ನಾನು ದನಿಯನ್ನು ನಂಬಿಕೊಂಡೆ. ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಡುವ ಕೆಲಸ. ನನ್ನ ಗಂಟಲು ಚೆನ್ನಾಗಿತ್ತು, ಕೋಣೆ ಕೆಟ್ಟದಾಗಿತ್ತು. ಮೂರನೇ ಮಹಡಿ, ಟೈಲ್ಸ್ ನೆಲ, ಬೋಳು ಗೋಡೆ, ಮೂಲೆಯಲ್ಲಿ ಕಬ್ಬಿಣದ ಬೀರು. ಕಳಿಸಿದ ಸ್ಯಾಂಪಲ್ ಎರಡೇ ದಿನಕ್ಕೆ ವಾಪಸ್ ಬಂತು. ಕೆಲಸ ಕೊಡುವ ಮೇಡಂ ಫೋನ್ ಮಾಡಿದರು.

"ಸರ್, ವಾಯ್ಸ್ ತುಂಬಾ ಚೆನ್ನಾಗಿದೆ. ಆದ್ರೆ ನೀರಿನ ಟ್ಯಾಂಕ್ ಒಳಗೆ ಕೂತ್ಕೊಂಡು ಓದ್ದಂಗಿದೆ. ಎಕೋ ಹೋಗ್ಬೇಕು. ಈ ಮಕ್ಕಳು ಕಿವೀಲೇ ಓದೋದಲ್ವಾ?"

ಸ್ಟುಡಿಯೋಗಳಲ್ಲಿ ಹಾಕುವ ಫೋಮ್ ತರಿಸುವ ಶಕ್ತಿ ನಮಗಿರಲಿಲ್ಲ. ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಗೋಡೆತುಂಬ ಮೊಟ್ಟೆಯ ಟ್ರೇ ಅಂಟಿಸಿದೆ. ಎರಡನೇ ಸ್ಯಾಂಪಲ್ಲೂ ವಾಪಸ್ ಬಂತು. ಇನ್ನೊಂದೇ ಅವಕಾಶ, ಸೋಮವಾರದೊಳಗೆ ಎಂದರು. ಫೋನ್ ಇಟ್ಟವನೇ ಬೀರುವಿನ ಬಾಗಿಲಿಗೆ ಗುದ್ದಿದೆ. ಮತ್ತೆ ಮತ್ತೆ ಗುದ್ದಿದೆ. ಬಾಗಿಲು ನೆಗ್ಗಿತು, ಗೆಣ್ಣುಗಳು ಸೀಳಿ ರಕ್ತ ಬಂತು. ನನ್ನ ಹೆಂಡತಿ ಕೈಗೆ ಬಟ್ಟೆ ಸುತ್ತಿದಳು. ಸಂಜೆ ಸೊಪ್ಪು ತರಲು ಹೋದವಳು ದಾರಿಯಲ್ಲಿ ಉಸ್ತಾದರನ್ನು ತಡೆದು ನಿಲ್ಲಿಸಿ, "ನಿಮ್ಮಿಂದ ಕಾಲು ಹೋಯ್ತು. ಈಗ ಕೈಯನ್ನೂ ಮುರ್ಕೊಳ್ತಿದ್ದಾರೆ" ಎಂದು ಎಲ್ಲವನ್ನೂ ಹೇಳಿ ಬಂದಿದ್ದಳು. ಅದು ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತಿದ್ದರು. ಎಪ್ಪತ್ತು ದಾಟಿದ್ದರೂ ಚೌಕಟ್ಟು ತುಂಬುವ ಆಳು. ಹದಿಮೂರು ವರ್ಷದ ಮೇಲೆ ಅವರಾಡಿದ ಮೊದಲ ಮಾತು, "ಎಲ್ಲಿ ಕೂತ್ಕಂಡು ಓದ್ತೀಯ?"

 ಹೆಂಡತಿ ತೋರಿಸಿದಳು. ಅವರು ಕೋಣೆಯ ನಡುವೆ ನಿಂತು, ಪಂಚೆ ಎತ್ತಿ, ಅಖಾಡದಲ್ಲಿ ತಟ್ಟುವಂತೆ ತೊಡೆ ತಟ್ಟಿದರು. ಸದ್ದು ಗೋಡೆಯಿಂದ ಗೋಡೆಗೆ ಬಡಿದು ಝಣ್ ಎಂದಿತು.

"ಕೇಳುಸ್ತಾ? ನೀನು ಒಂದು ಏಟು ಕೊಟ್ರೆ ಗೋಡೆ ನಾಕು ಏಟು ತಿರುಗ್ಸಿ ಒಡೀತದೆ. ನಮ್ ಗರಡೀಲಿ ಅಂಗಾಯ್ತಿತ್ತಾ? ಅಲ್ಲಿ ಸದ್ದು ಬಿದ್ ಜಾಗದಲ್ಲೇ ಸಾಯ್ತಿತ್ತು."

ಮೊಟ್ಟೆಯ ಟ್ರೇಗಳನ್ನು ಒಂದೊಂದಾಗಿ ಕಿತ್ತು ಬಿಸಾಡಿದರು. "ಇವು ಒಣ ರಟ್ಟು. ಏಟು ತಿನ್ನೋಕೆ ಮಾಂಸ ಬೇಕು." ಹಾಗೆಂದು ಹೋದವರು ಗರಡಿಯಲ್ಲಿದ್ದ ಹತ್ತಿಯ ಗಾದಿಗಳನ್ನು ತಂದರು. ಹೊಸ ಹುಡುಗರು ಬಿದ್ದು ಕಲಿಯಲೆಂದು ಮಾಡಿಸಿದ್ದ ದಪ್ಪನೆಯ ಗಾದಿಗಳು, ನಾಲ್ಕು. ಒಂದೊಂದನ್ನೂ ತಲೆಯ ಮೇಲೆ ಹೊತ್ತು ಮೂರು ಮಹಡಿ ಹತ್ತಿದರು.

ಧೂಳು ಕೊಡವಲು ಟೆರೇಸಿಗೆ ಹೋದೆವು. ಗಾದಿಯನ್ನು ತಂತಿಗೆ ಹಾಕಿ ಆಚೆ ಅವರು, ಈಚೆ ನಾನು, ಕೈಯಲ್ಲಿ ಒಂದೊಂದು ಬಿದಿರು. ಬಡಿಯತೊಡಗಿದೆವು. ಮೂರನೇ ಗಾದಿಗೆ ಬರುವಷ್ಟರಲ್ಲಿ ನಾನು ಧೂಳಿಗೆ ಹೊಡೆಯುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡಿದ್ದೆ, ಗೆಣ್ಣಿನ ಬಟ್ಟೆ ಮತ್ತೆ ಕೆಂಪಾಗಿತ್ತು. ಗಾದಿಯನ್ನು ಸುತ್ತಿ ಆಚೆ ಹೋದೆ. ಬಿದಿರನ್ನು ಅವರ ಭುಜಕ್ಕೆ ಬೀಸಿದೆ.

ಅವರು ಅಲುಗಲಿಲ್ಲ. ತಮ್ಮ ಕೈಯ ಬಿದಿರನ್ನು ಕೆಳಗೆ ಹಾಕಿದರು.

"ಇನ್ನೊಂದು ಒಡಿ."

ಹೊಡೆದೆ. ಮೂರನೆಯದಕ್ಕೆ ಬಿದಿರು ಸೀಳಿ ಅವರ ಹಣೆಯ ಚರ್ಮ ಹರಿಯಿತು. ರಕ್ತ ಹುಬ್ಬು ದಾಟಿ ಕಣ್ಣಿಗಿಳಿಯಿತು. ಹೆಂಡತಿ ಓಡಿಬಂದು, "ರೀ! ಅವ್ರನ್ನ ಸಾಯಿಸ್ಬಿಡ್ತೀರಾ!" ಎಂದು ಕಿರುಚಿ ಬಿದಿರನ್ನು ಕಿತ್ತುಕೊಂಡಳು.

"ಬಿಡವ್ವಾ" ಎಂದರು ಅವರು. ಟವೆಲಿನಿಂದ ಕಣ್ಣು ಒರೆಸಿಕೊಂಡು, ಎಂದಿನಂತೆ ನೆಲ ನೋಡುತ್ತ ನನಗೆ ಹೇಳಿದರು. "ಆವತ್ತು ನಿನ್ನ ಎತ್ತಿದ್ನಲ್ಲ, ಮ್ಯಾಲೆ ಓಗೋ ಅಷ್ಟರಲ್ಲೇ ಸಿಟ್ಟು ಇಳೀತು. ನಿಲ್ಲುಸ್ಬೋದಾಗಿತ್ತು. ಆದ್ರೂ ಒಗ್ದೆ."

"ಯಾಕೆ?"

"ಉಡುಗ್ರೆಲ್ಲಾ ನೋಡ್ತಿದ್ರು."

ಇಷ್ಟು ವರ್ಷ ಅವರ ಸಿಟ್ಟನ್ನು ದ್ವೇಷಿಸಿದ್ದೆ. ಒಗೆಯುವಾಗ ಆ ಸಿಟ್ಟೇ ಇರಲಿಲ್ಲವಂತೆ. ಕ್ಷಮಿಸಿದೆ ಎಂದು ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಹಣೆಗೆ ಅರಿಶಿನ ಮೆತ್ತಿಕೊಂಡು ಕೆಳಗಿಳಿದರು. ನಾನೂ ಅವರ ಹಿಂದೆ ಇಳಿದೆ, ಕೆಲಸ ಬಾಕಿ ಇತ್ತು.

ಗಾದಿಗಳನ್ನು ಗೋಡೆಗೆ ಅಂಟಿಸಲು ಬಿಡಲಿಲ್ಲ. ಮೇಲೆ ಬಿದಿರು ಕಟ್ಟಿ, ಗೋಡೆಯಿಂದ ನಾಲ್ಕು ಬೆರಳು ಈಚೆಗೆ ತೂಗುಬಿಟ್ಟರು. "ಸದ್ದು ಗಾದಿ ದಾಟಿ ಓಗಿ, ಗೋಡೆ ಮುಟ್ಟಿ, ವಾಪಸ್ ಬರೋವಾಗ ಮತ್ತೆ ಗಾದೀಗೆ ಸಿಗಾಕ್ಕಬೇಕು. ಎಲ್ಡು ಸಲ ಒದೆ ತಿಂದ್ರೆ ಎಂತದಾದ್ರೂ ಸುಸ್ತಾಯ್ತದೆ." ಬೀರು ಹೊರಗಿನ ಕೋಣೆಗೆ ಹೋಯಿತು. ನೆಲಕ್ಕೆ ಗೋಣಿಚೀಲ, ಅದರ ಮೇಲೆ ಜಮಖಾನ. ಕಿಟಕಿಗೆ ಎರಡು ಪದರ ಕಂಬಳಿ. ನಾನು ಗೋಡೆಯ ಕಡೆ ಮುಖ ಮಾಡಿ ಓದುತ್ತಿದ್ದೆ. ಅವರು ನನ್ನ ಕುರ್ಚಿಯನ್ನೇ ತಿರುಗಿಸಿ, ಬೆನ್ನ ಹಿಂದೆಯೂ ಒಂದು ಗಾದಿ ಬರುವಂತೆ ಮಾಡಿದರು. ಮೈಕು ಬಾಯಿಂದ ಒಂದು ಗೇಣು, ಅಷ್ಟೆ. "ದೂರ ನಿಂತು ಕೂಗಬ್ಯಾಡ. ಅತ್ರ ಓಗಿ ಮೆಲ್ಲಗೆ ಇಡ್ಕ." ಪ್ರತಿ ಸಲವೂ ನಾಲ್ಕೂ ಮೂಲೆಯಲ್ಲಿ ನಿಂತು ತೊಡೆ ತಟ್ಟಿ, ಎಡಗಿವಿ ಕೊಟ್ಟು ಕೇಳುತ್ತಿದ್ದರು. ಸಂಜೆಯ ಹೊತ್ತಿಗೆ ಅವರ ತೊಡೆ ಕೆಂಪಗೆ ಬಾತುಕೊಂಡಿತ್ತು. ಕೊನೆಯ ಸಲ ತಟ್ಟಿದಾಗ ಒಣ ಸದ್ದೊಂದು ಹುಟ್ಟಿ ಅಲ್ಲೇ ನಿಂತಿತು.

"ಈಗ ಓದು" ಎಂದರು.

ಫ್ಯಾನ್ ಆಫ್ ಮಾಡಿ, ಹತ್ತಿರದ ವಾಯುನೆಲೆಯ ವಿಮಾನವೊಂದು ದಾಟುವವರೆಗೆ ಕಾದು, ಬೆವರು ಸುರಿಸುತ್ತ ಆರನೇ ತರಗತಿಯ ಪಾಠ ಓದಿದೆ. ಸೋಮವಾರ ಮೇಡಂ ಫೋನ್ ಮಾಡಿ, "ಸರ್, ಯಾವ ಸ್ಟುಡಿಯೋಗೆ ಹೋದ್ರಿ?" ಎಂದರು.

ಆಮೇಲೆ ಉಸ್ತಾದರು ವಾರಕ್ಕೊಮ್ಮೆ ಬರುತ್ತಿದ್ದರು. ಮಾತು ಕಡಿಮೆ. ಬಾಗಿಲ ಹೊರಗೆ ಕೂತು ನಾನು ಓದುವುದನ್ನು ಕೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಒಮ್ಮೆ ಮಾತ್ರ, "ಆ ಅಶೋಕನ ಪಾಠ ಇನ್ನೊಂದ್ಸಲ ಓದು" ಎಂದಿದ್ದರು.

ಗರಡಿಮನೆಯ ಜಾಗದ ಮೇಲೆ ಅವರ ಅಣ್ಣನ ಮಗನಿಗೆ ಕಣ್ಣಿತ್ತು. ಬಡಾವಣೆಗಳನ್ನು ಕಟ್ಟಿಸಿ ದೊಡ್ಡವನಾಗಿದ್ದ. ಒಂದು ಭಾನುವಾರ ಹತ್ತು ಗಂಟೆಗೆ, ಸೂರಿಗೆ ಕಟ್ಟಲು ಇನ್ನೊಂದು ಗಾದಿ ಬೇಕೆಂದು ನಾನು ಗರಡಿಗೆ ಹೋದಾಗ ಜೆಸಿಬಿ ಬಂದು ನಿಂತಿತ್ತು. ಜೊತೆಗೆ ನಾಲ್ವರು ಬಾಡಿಗೆ ಆಳುಗಳು. ಉಸ್ತಾದರು ಬಾಗಿಲಿಗೆ ಅಡ್ಡ ನಿಂತಿದ್ದರು.

"ಚಿಕ್ಕಪ್ಪ, ಸುಮ್ನೆ ಪಕ್ಕಕ್ಕೆ ಬನ್ನಿ" ಎಂದ ಅಣ್ಣನ ಮಗ.

"ನಾನು ಸತ್ಮ್ಯಾಲೆ ಬಾ."

ಒಬ್ಬ ಅವರ ಎದೆಗೆ ಒದ್ದ. ಎರಡನೆಯವನು ರಾಡ್ ಬೀಸಿದ. ಉಸ್ತಾದರು ಆ ಕೈಯನ್ನು ಹಿಡಿದು ತಿರುಚಿದ ರಭಸಕ್ಕೆ ಮೂಳೆ ಚರ್ಮ ಹರಿದು ಹೊರಗೆ ಬಂತು, ಅವನು ಅರಚುತ್ತ ಕೂತುಬಿಟ್ಟ. ಒದ್ದವನು ಮತ್ತೆ ನುಗ್ಗಿದ. ಅವನಿಗೆ ಇಪ್ಪತ್ತಿರಬಹುದು. ಅವರು ಅವನ ಸೊಂಟಕ್ಕೆ ಕೈ ಹಾಕಿ ಎತ್ತಿದರು. ಬಾಗಿಲ ಎದುರೇ ಚಪ್ಪಡಿಕಲ್ಲು. ನಾನು ಕಣ್ಣು ಮುಚ್ಚಿಕೊಳ್ಳಬೇಕು ಅಂದುಕೊಂಡೆ, ಆಗಲಿಲ್ಲ. ಒಂದು ಗಳಿಗೆ ಅವನನ್ನು ಮೇಲೆಯೇ ಹಿಡಿದಿದ್ದರು. ಅವನನ್ನು ನಿಧಾನವಾಗಿ, ಕಾಲು ಊರುವ ಹಾಗೆ, ನೆಲಕ್ಕೆ ಇಳಿಸಿದರು. "ಓಗು" ಎಂದರು.

ಇಳಿಸಲು ಬಗ್ಗಿದವರು ನೇರವಾಗುವ ಮೊದಲು ಹಿಂದಿನಿಂದ ಇನ್ನೊಬ್ಬ ಕಬ್ಬಿಣದ ಪೈಪಿನಿಂದ ತಲೆಗೆ ಹೊಡೆದ. ನಾನು ಕೂಗುತ್ತ ಓಡಿದೆ. ನನ್ನ ಓಟ ಎಷ್ಟರದು? ತಲುಪುವಷ್ಟರಲ್ಲಿ ಮತ್ತೊಂದು ಏಟು ಬಿದ್ದಿತ್ತು. ನೆಲಕ್ಕೆ ಕೂತು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ, ಅಂಗೈ ತುಂಬ ಬಿಸಿ ರಕ್ತ.  

ಹೆಬ್ಬಾಳದ ಹತ್ತಿರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ಎಚ್ಚರವಾಗಲಿಲ್ಲ. ದಿನಾ ಹೋಗಿ ಎಡಗಿವಿಯ ಹತ್ತಿರ ಕೂತು, ಬಂದಿದ್ದೇನೆ ಎಂದು ಹೇಳಿ ಬರುತ್ತಿದ್ದೆ. ಹತ್ತನೇ ದಿನ ಬೆಳಿಗ್ಗೆ ಹೋದಾಗ ಹಾಸಿಗೆ ಖಾಲಿ ಇತ್ತು. ಕಂಡದ್ದನ್ನೆಲ್ಲ ಪೊಲೀಸರಿಗೆ ಹೇಳಿ ಸಹಿ ಹಾಕಿದ್ದೇನೆ. ಹೇಳಿಕೆ ಹಿಂತೆಗೆದುಕೋ ಎಂದು ಅವರ ಅಣ್ಣನ ಮಗನ ಕಡೆಯ ಜನ ಎರಡು ಸಲ ಮನೆಗೆ ಬಂದರು. ಎರಡನೇ ಸಲ ನನ್ನ ಕಾಲರ್ ಹಿಡಿದು ಗೋಡೆಗೆ ಒತ್ತಿದರು. ಕೇಸು ನಡೆಯುತ್ತಿದೆ. ನಾನು ಹೇಳಿಕೆ ಬದಲಿಸುವುದಿಲ್ಲ.

ಮಣ್ಣಿಗೆ ಒಯ್ಯುವ ದಿನ ಹಳೆಯ ಶಿಷ್ಯರೆಲ್ಲ ಬಂದಿದ್ದರು. ಈಗ ಲಾರಿ ಓಡಿಸುವವರು, ಮಾರುಕಟ್ಟೆಯಲ್ಲಿ ಮೂಟೆ ಹೊರುವವರು, ಒಬ್ಬ ಜಿಮ್ ಇಟ್ಟವನು. ಹೆಗಲು ಕೊಡಲು ನಾಲ್ವರು ಸಿದ್ಧರಾದರು. ನಾನು ದೂರ ನಿಂತಿದ್ದೆ. ಮುಂದಿನ ಬಲಗಡೆ ನಿಂತಿದ್ದವನು, ಹಿಂದೊಮ್ಮೆ ನಾನು ಕಣ್ಣಿಗೆ ಮಣ್ಣೆರಚಿದವನೇ, ನನ್ನನ್ನು ನೋಡಿ ಪಕ್ಕಕ್ಕೆ ಸರಿದ.

"ಬಾರೋ. ನಿನ್ ಜಾಗ."

"ನನ್ ಕಾಲಲ್ಲಿ ಆಗಲ್ಲ ಕಣೋ. ನಿಮ್ ಹೆಜ್ಜೆಗೆ ಬರಕ್ಕಾಗಲ್ಲ."

"ನಾವು ನಿನ್ ಹೆಜ್ಜೆಗೆ ಬರ್ತೀವಿ."

ಚಟ್ಟಕ್ಕೆ ಹೆಗಲು ಕೊಟ್ಟೆ. ಭಾರ ಹೆಗಲಿಗೆ ಬಿದ್ದಾಗ ಮಂಡಿಯಿಂದ ಸೊಂಟದವರೆಗೆ ನೋವು ಸೀಳಿಕೊಂಡು ಹೋಯಿತು. ಒಂದು ಹೆಜ್ಜೆ ಇಟ್ಟು ಕಾಲೆಳೆದುಕೊಂಡೆ, ಮೂವರೂ ನಿಂತರು. ಇನ್ನೊಂದು ಹೆಜ್ಜೆ ಇಟ್ಟೆ, ಅವರೂ ಇಟ್ಟರು. ಸ್ಮಶಾನ ಹತ್ತು ನಿಮಿಷದ ದಾರಿ. ಆವತ್ತು ಮುಕ್ಕಾಲು ಗಂಟೆ ಹಿಡಿಯಿತು. ಹಿಂದೆ ಬರುತ್ತಿದ್ದ ಅಷ್ಟು ಜನರಲ್ಲಿ ಒಬ್ಬರೂ ಅವಸರ ಮಾಡಲಿಲ್ಲ.