ಮಧ್ಯಾಹ್ನ ಹೊಯ್ಕೊಳ್ಳೋ ಅಲಾರಂ

ಕುಷ್ಟಗಿಯಾಗ ಮಾಸ್ತರೊಬ್ಬರ ಮನಿಗೆ ಕಳ್ಳರ ಅಲಾರಂ ಹಾಕಿದಾವ ನಾನ. ಒಳಗ ಏನರ ಓಡಾಡಿದ್ರ ಹೊಯ್ಕೊಳ್ಳತೈತಿ. ಮಾಸ್ತರು ಕೀಲಿ ಹಾಕಿ ಸಾಲಿಗೆ ಹೋದ್ರ ಸಾಕು, ದಿನಾ ಮಧ್ಯಾಹ್ನ ಅದರ ಗದ್ದಲ ಶುರು.

"ನಿಮ್ಮ ಮಷೀನು ಬರೇ ಸುಳ್ಳು ಹೇಳ್ತೈತ್ರಿ, ಕಿತ್ಕೊಂಡು ಹೋಗ್ರಿ!" ಅಂತ ನನ್ನ ಮ್ಯಾಲೆ ಹರಿಹಾಯ್ದರು.

ನನಗೂ ಸಿಟ್ಟು ಬಂತು. ವೈರು, ಬ್ಯಾಟರಿ ಎಲ್ಲಾ ಛಲೋ ಇದ್ದವು. ಕಡೀಕ ಕಿಟಕಿ ಮಗ್ಗಲಿನ ಮಂಚದ ಬುಡಕ ಬಗ್ಗಿ ನೋಡಿದೆ. ಕಿಟಕಿ ಜಾಳಿಗಿ ಹರಿದಿತ್ತು, ಮಂಚದ ಕೆಳಗಿನ ಹಳೇ ಬುಟ್ಯಾಗ ಒಂಬತ್ತು ತತ್ತಿ!

ಸೈರನ್ ಕಾಟಕ್ಕ ಜಗಳ ತೆಗಿಯಾಕ ಬಂದಿದ್ದ ಮಗ್ಗಲ ಮನಿ ಮೌಲಾಬಿ ಬುಟ್ಟಿ ನೋಡಿದ್ದ ತಡ, "ಇವು ನಮ್ಮ ಕೋಳಿ ತತ್ತಿ! ಓಣಿ ತುಂಬ ಹುಡುಕಾಕತ್ತೀನಿ, ನಿಮ್ಮ ಮನ್ಯಾಗ ಅದಾವೇನ್ರಿ ಮಾಸ್ತರ?" ಅಂದ್ಲು.

ದುರಸ್ತಿ ಹಾಳ್ಯಾಗ ನಾನು ಅಚ್ಚುಕಟ್ಟಾಗಿ ಬರದೆ: "ಅಲಾರಂ ಸರಿಯಾಗಿದೆ. ಕಳುವಾದ ಮಾಲು ಮನೆಯೊಳಗೇ ಸಿಕ್ಕಿದೆ."

ಅದಕ್ಕ ಮಾಸ್ತರು ಇನ್ನೂ ಸಹಿ ಮಾಡಿಲ್ಲ.