ನಕ್ಷೆಯ ಮೇಲಿನ ಕೆಂಪು ಚುಕ್ಕಿಗಳು

ಹೋದ ತಿಂಗಳು ಹುಣಸೂರಿನಿಂದ ಊರಿಗೆ ಬರುವಾಗ ಬಸ್ಸಿನ ಕಿಟಕಿಯಲ್ಲಿ ಬೇಯುವ ಹೊಗೆಸೊಪ್ಪಿನ ವಾಸನೆ ನುಗ್ಗಿತು. ಜೊತೆಗೇ ನಮ್ಮ ಹೈಸ್ಕೂಲಿನ ಸಮಾಜ ಮೇಷ್ಟ್ರು ನೆನಪಾದರು...

ಅವರು ಕೆ.ಆರ್. ನಗರದ ನಾಲೆ ಸೀಮೆಯವರು. ಗಾವಡಗೆರೆ ಹತ್ತಿರದ ನಮ್ಮೂರಿಗೆ ವರ್ಗವಾಗಿ ಬಂದಿದ್ದರು. ಶಾಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಕಂಪ್ಯೂಟರನ್ನು ನಮಗೆ ತೆರೆದು ತೋರಿಸಿದವರು ಅವರೇ. ಆಕಾಶದಿಂದ ತೆಗೆದ ನಮ್ಮ ಸೀಮೆಯ ಚಿತ್ರಗಳನ್ನು ಹುಣಸೂರಿನ ಇಂಟರ್‌ನೆಟ್ ಅಂಗಡಿಯಲ್ಲಿ ಸಿ.ಡಿ.ಗೆ ಹಾಕಿಸಿಕೊಂಡು ಬರುತ್ತಿದ್ದರು. ನಾಲೆ ನೀರಿನ ಹಿಂದೆ ಭತ್ತ ಹೇಗೆ ಹಬ್ಬಿತು, ಮಳೆ ನಂಬಿದ ನಮ್ಮ ರಾಗಿ ಹೊಲಗಳು ಹೊಗೆಸೊಪ್ಪಿಗೆ ಹೇಗೆ ತಿರುಗಿದವು ಎಂಬುದನ್ನೆಲ್ಲ ಪರದೆಯ ಮೇಲೇ ತೋರಿಸುತ್ತಿದ್ದರು.

ಒಂದು ದಿನ, ಸೌದೆ ಉರಿಸಿ ಸೊಪ್ಪು ಬೇಯಿಸುವ ಬ್ಯಾರನ್ ನಿಮ್ಮ ನಿಮ್ಮ ಹೊಲದಲ್ಲಿ ಎಲ್ಲಿದೆಯೋ ಅಲ್ಲಿ ಕೆಂಪು ಚುಕ್ಕಿ ಇಡಿ ಎಂದರು. ಒಬ್ಬೊಬ್ಬರಾಗಿ ಇಟ್ಟೆವು. ಆಮೇಲೆ ಪಕ್ಕದಲ್ಲಿ ಹಳೆಯ ನಕ್ಷೆ ತೆರೆದರು. ಅದರಲ್ಲಿ ಹಸಿರಿದ್ದ ಕಡೆಯೆಲ್ಲ ಇದರಲ್ಲಿ ಕೆಂಪು. ಮರವೆಲ್ಲ ಏನಾಯಿತು ಎಂದು ಯಾರೋ ಕೇಳಿದರು.

"ನೀವೇ ಇಟ್ರಲ್ಲ ಚುಕ್ಕಿ, ಅದ್ರಲ್ಲೇ ಉರಿದೋಯ್ತು" ಎಂದರು ಮೇಷ್ಟ್ರು.

ಚುಕ್ಕಿ ಇಟ್ಟದ್ದನ್ನು ಸಂಜೆ ಅಪ್ಪನಿಗೆ ಹೆಮ್ಮೆಯಿಂದ ಹೇಳಿದೆ. ಸೌದೆ ಒಡೆಯುತ್ತಿದ್ದ ಅಪ್ಪನ ಕೈ ನಿಂತಿತು.

"ಎಲ್ಡು ಬ್ಯಾರನ್ನೂ ತೋರಿಸ್ದಾ?"

ಹೂಂ ಎಂದು ತಲೆಯಾಡಿಸಿದೆ.

"ಲೈಸೆನ್ಸ್ ಇರೋದು ಒಂದಕ್ಕೇ ಕಣವ್ವ."

ಆ ವಾರವೇ ಲೈಸೆನ್ಸ್ ಕೊಡುವ ಮಂಡಳಿಯವರ ಜೀಪು ಬಂತು. ದಾರಿಯಲ್ಲಿ ಯಾರನ್ನೂ ಏನೂ ಕೇಳದೆ, ಲೈಸೆನ್ಸ್ ಇಲ್ಲದ ಬ್ಯಾರನ್‌ಗಳ ಮುಂದೆಯೇ ಹೋಗಿ ನಿಂತಿತು. ಬಾಗಿಲುಗಳಿಗೆ ಸೀಲ್ ಬಿತ್ತು. ಕೊಯ್ದಿಟ್ಟ ಸೊಪ್ಪು ಹೊರಗೇ ಕೊಳೆಯಿತು.

ಊರಿನ ಗಂಡಸರು ಶಾಲೆಗೆ ಬಂದರು. ಆ ಚಿತ್ರ ಈ ಕೋಣೆ ದಾಟಿ ಎಲ್ಲೂ ಹೋಗಿಲ್ಲ ಎಂದು ಮೇಷ್ಟ್ರು ಮತ್ತೆ ಮತ್ತೆ ಹೇಳಿದರು. ಯಾರೂ ಕೂಗಾಡಲಿಲ್ಲ. ಅಪ್ಪನೇ ಮೆಲ್ಲಗೆ ಕೇಳಿದ: "ಅಂಗಾರೆ ಜೀಪಿಗೆ ದಾರಿ ತೋರ್ಸಿದ್ಯಾರು ಸಾ?"

ಅಲ್ಲಿಂದ ಮುಂದೆ... ಹಾಲಿನವಳು ಮೇಷ್ಟ್ರ ಬಾಗಿಲಿಗೆ ಹೋಗುವುದನ್ನು ಬಿಟ್ಟಳು. ಅಂಗಡಿಯಲ್ಲಿ ಅವರನ್ನು ಕಂಡರೆ ಮಾತು ನಿಲ್ಲುತ್ತಿತ್ತು. ಬಾಡಿಗೆಗೆ ಕೊಟ್ಟವರು ಮನೆ ಖಾಲಿ ಮಾಡಿ ಎಂದರು. ಒಂದು ಸೋಮವಾರ ನಾವು ಶಾಲೆಗೆ ಹೋದಾಗ ಕಂಪ್ಯೂಟರ್ ಕೋಣೆಯ ಬೀಗ ಒಡೆದಿತ್ತು, ಪರದೆ ಚೂರುಚೂರಾಗಿತ್ತು.

ಮೇಷ್ಟ್ರು ದೂರು ಕೊಡಲಿಲ್ಲ. ಗಾಜನ್ನು ತಾವೇ ಗುಡಿಸಿ, ತರಗತಿಗೆ ಬಂದು, ಸೀಮೆಸುಣ್ಣದಲ್ಲಿ ಇಡೀ ನಕ್ಷೆ ಬರೆದರು. ಲಕ್ಷ್ಮಣತೀರ್ಥ ನದಿ, ಕೆರೆಗಳು, ಪಿರಿಯಾಪಟ್ಟಣದ ರಸ್ತೆ, ಕೋಟೆ ತಾಲ್ಲೂಕಿನ ಕಡೆಯ ಕಾಡು... ಎಲ್ಲ ಇತ್ತು. ಬ್ಯಾರನ್ ಮಾತ್ರ ಒಂದೂ ಇರಲಿಲ್ಲ.

"ಇದನ್ನ ಮನೇಲಿ ಹೇಳ್ಬೋದು" ಎಂದರು, ನಮ್ಮ ಯಾರ ಮುಖವನ್ನೂ ನೋಡದೆ.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅವರು ಊರು ಬಿಟ್ಟಿದ್ದರು. ಜೀಪಿಗೆ ದಾರಿ ತೋರಿಸಿದವರು ಯಾರೆಂದು ಇವತ್ತಿಗೂ ತಿಳಿದಿಲ್ಲ. ತಿಳಿದವರಿದ್ದರೆ ಬಾಯಿ ಬಿಟ್ಟಿಲ್ಲ. ಈಗ ಯಾರ ಫೋನು ತೆರೆದರೂ ನಮ್ಮೂರಿನ ಒಂದೊಂದು ಸೂರೂ ಕಾಣುತ್ತದೆ. ಯಾರೂ ಹೆದರುವುದಿಲ್ಲ.

ಮೇಷ್ಟ್ರು ತೀರಿಕೊಂಡರೆಂದು ಹೋದ ತಿಂಗಳು ಊರಿಗೆ ಬಂದ ಮೇಲೆಯೇ ತಿಳಿಯಿತು. ಅಪ್ಪನಿಗೆ ಹೇಳಿದೆ. ಅವರಿಗೆ ಮಕ್ಕಳೆಷ್ಟು ಎಂದು ಅಪ್ಪ ಕೇಳಿದ. ನನಗೆ ಗೊತ್ತಿರಲಿಲ್ಲ. ಅವ್ವನನ್ನು ಕೇಳಿದೆ, ಅಕ್ಕಪಕ್ಕದವರನ್ನು ಕೇಳಿದೆ... ಅವರು ನಮ್ಮೂರಲ್ಲಿ ಇದ್ದಷ್ಟು ದಿನ ಯಾರೂ ಅದನ್ನು ವಿಚಾರಿಸಿರಲೇ ಇಲ್ಲ.